ಸೆಕೆಗಾಲದ ಓದು, ಚಾವಡಿಯ ಮಾತು

ಬೇಸಗೆಯಲ್ಲಿ ನಮ್ಮ ಕಾಸರಗೋಡಿನ ಕಡೆಯ ಮನೆಗಳಿಗೆ ಬರುವ ನೆಂಟರನ್ನು ಎದುರುಗೊಳ್ಳುವ ಮೊದಲ ಮಾತು ಬಾವಿಯ ನೀರಿನದು. ‘ನಿಮ್ಮಲ್ಲಿ ನೀರು ಹೇಗಿದೆ?’ ಎಂದು ವಿಚಾರಿಸಿ, ಬೆಲ್ಲದ ತುಂಡನ್ನೂ ನೀರಿನ ತಂಬಿಗೆಯನ್ನೂ ಮುಂದಿಟ್ಟು, ಬೀಸಣಿಗೆಯನ್ನು ಕೈಗೆ ಕೊಟ್ಟ ಮೇಲೆ, ಅಡಕೆಯ ಧಾರಣೆ, ಗೊತ್ತಾದ ಮದುವೆಗಳು, ಮಕ್ಕಳ ಪರೀಕ್ಷೆಯ ಫಲ ಇವುಗಳ ವಿಚಾರ ನಡೆಯುತ್ತದೆ. ಇವೆಲ್ಲ ಮುಗಿಯುತ್ತಲೇ ಇನ್ನೊಂದು ಪ್ರಶ್ನೆ ತಾನಾಗಿ ಬರುವ ಕಾಲವೊಂದಿತ್ತು: ‘ಈಗ ಯಾವ ಕಾದಂಬರಿ ಓದುತ್ತಿದ್ದೀರಿ?’ ಕೇಳಿದವರು ವಿದ್ವಾಂಸರಲ್ಲ, ಕೇಳಿಸಿಕೊಂಡವರು ಸಾಹಿತಿಗಳಲ್ಲ. ಬಾವಿಯ ನೀರಿನಷ್ಟೇ ಸಹಜವಾದ ವಿಷಯವೆಂದು ಇಬ್ಬರೂ ಭಾವಿಸಿದ್ದರು.

ಆ ಪ್ರಶ್ನೆ ಈಗ ಅಪರೂಪವಾಗುತ್ತಿದೆ. ಅದು ಪೂರ್ತಿಯಾಗಿ ನಿಂತುಹೋದರೆ ನಾವು ಕಳೆದುಕೊಳ್ಳುವುದೇನು, ಅದನ್ನು ಮತ್ತೆ ನಮ್ಮ ಮನೆಗಳಿಗೆ ಕರೆತರುವ ಬಗೆ ಯಾವುದು ಎಂಬುದನ್ನು ಓದುಗ ಬಂಧುಗಳೊಡನೆ ಸ್ವಲ್ಪ ವಿಚಾರಮಾಡಬೇಕೆಂಬುದೇ ಈ ಬರಹದ ಉದ್ದೇಶ.

ಬಿಸುವಿನಿಂದ ಪತ್ತನಾಜೆಯ ತನಕ

ನಮ್ಮ ಬೇಸಗೆಯ ಸ್ವಭಾವವೇ ಬೇರೆ. ಬಳ್ಳಾರಿ ರಾಯಚೂರುಗಳಲ್ಲಿ ಉಷ್ಣಮಾಪಕ ಏರುವಷ್ಟು ಎತ್ತರಕ್ಕೆ ಇಲ್ಲಿ ಏರುವುದಿಲ್ಲ. ಆದರೆ ಕಡಲಿನಿಂದ ಬರುವ ಗಾಳಿ ನೀರಾವಿಯಿಂದ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ. ಬಿಸಿಲಿಗಿಂತ ಸೆಕೆಯೇ ನಮ್ಮ ಕಷ್ಟ. ಮಧ್ಯಾಹ್ನದ ಊಟವಾದ ಮೇಲೆ ಗುಡ್ಡದ ಮುರಕಲ್ಲು ಕಾದು ಹೆಂಚಾಗಿರುತ್ತದೆ, ಅಂಗಳದಲ್ಲಿ ಕಾಲಿಡುವಂತಿಲ್ಲ. ಕಾಗೆಗಳು ಕೂಡ ಹಲಸಿನ ಮರದ ಎಡೆಯಲ್ಲಿ ಸುಮ್ಮನಾಗುತ್ತವೆ. ಎರಡು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಮನುಷ್ಯನಾದವನು ಚಾವಡಿಯ ನೆಲದ ಮೇಲೆ ಚಾಪೆ ಹಾಸಿ ಬಿದ್ದುಕೊಳ್ಳುವುದನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಕಾದಂಬರಿಯೆಂಬುದಕ್ಕೆ ಇದಕ್ಕಿಂತ ಅನುಕೂಲವಾದ ಮುಹೂರ್ತ ಮತ್ತೊಂದುಂಟೆ?

ವರುಷದ ಬೇರಾವ ಋತುವಿನಲ್ಲೂ ದೊರೆಯದ ಬಿಡುವು ಈ ದಿನಗಳಲ್ಲಿ ದೊರೆಯುತ್ತದೆ. ಮಾರ್ಚಿಯ ಕೊನೆಗೆ ಶಾಲೆಗಳು ಮುಚ್ಚುತ್ತವೆ. ಅಡಕೆ ಕೊಯ್ಲು ಮುಗಿದು ಅಂಗಳದಲ್ಲಿ ಒಣಗುತ್ತಿರುತ್ತದೆ. ಬಿಸು ಕಣಿಯ ದಿನದಿಂದ ಮೊದಲ್ಗೊಂಡು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯ ತನಕ ನೆಂಟರ ಓಡಾಟ, ಉಪನಯನ, ಮದುವೆ, ಕೋಲ, ಬಯಲಾಟ. ಹೀಗೆ ಓಡಾಡುವವರ ಚೀಲದಲ್ಲಿ ಮಾವಿನ ಹಣ್ಣಿನ ಜತೆಗೆ ಒಂದೆರಡು ಪುಸ್ತಕಗಳೂ ಇರುತ್ತಿದ್ದುವು. ಒಂದು ಮನೆಯಲ್ಲಿ ಬಿಟ್ಟು ಇನ್ನೊಂದು ಮನೆಯಿಂದ ಎತ್ತಿಕೊಂಡು ಹೋಗುವುದು ರೂಢಿ. ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಜೋಪಾನವಾಗಿ ಬಿಡಿಸಿ, ಗೋಣಿಸೂಜಿಯಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿದ ‘ಪುಸ್ತಕ’ಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಇವೆ. ನಡುವೆ ಒಂದು ಕಂತು ತಪ್ಪಿದ್ದರೆ ಆ ವಾರದ ಕತೆಯನ್ನು ಓದಿದ್ದವರಿಂದ ಬಾಯಿಮಾತಿನಲ್ಲಿ ಕೇಳಿ ತುಂಬಿಸಿಕೊಳ್ಳುತ್ತಿದ್ದರು.

ಹಲಸಿನ ಹಪ್ಪಳದ ಕೆಲಸವನ್ನು ಬಲ್ಲವರಿಗೆ ಮತ್ತೊಂದು ಸಂಗತಿಯೂ ತಿಳಿದಿರುತ್ತದೆ. ಸೊಳೆ ಬಿಡಿಸುವುದು, ಬೇಯಿಸುವುದು, ಅರೆಯುವುದು, ಉಂಡೆ ಕಟ್ಟುವುದು, ಒತ್ತುವುದು, ಚಾಪೆಗೆ ಹಾಕುವುದು ಇವುಗಳಿಗೆ ಹತ್ತು ಕೈಗಳು ಬೇಕು. ಆದರೆ ಕಿವಿಗಳಿಗೆ ಕೆಲಸವಿಲ್ಲ. ಆದುದರಿಂದ ಓದಬಲ್ಲ ಒಬ್ಬಳನ್ನು ಕೈಕೆಲಸದಿಂದ ಬಿಡಿಸಿ, ಕಂಬಕ್ಕೆ ಒರಗಿ ಕುಳಿತು ಗಟ್ಟಿಯಾಗಿ ಓದೆಂದು ಹೇಳುವುದುಂಟು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿಯ ದುಃಖಕ್ಕೆ ಕಣ್ಣೊರೆಸಿಕೊಂಡವರಲ್ಲಿ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ನನ್ನು (೧೯೭೬) ತಮ್ಮದೇ ಮನೆಯ ಹಿರಿಯಳೆಂಬಂತೆ ನೆನೆದವರಲ್ಲಿ, ಅಕ್ಷರವನ್ನೇ ಅರಿಯದ ಅಜ್ಜಿಯಂದಿರೂ ಇದ್ದರು. ಅವರು ಆ ಕಾದಂಬರಿಗಳನ್ನು ಓದಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಕಾದಂಬರಿಯೆಂಬುದು ನಮ್ಮ ಊರಿಗೆ ಎಲ್ಲಿಂದಲೋ ಬಂದ ಅತಿಥಿಯೂ ಅಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾ ಬಾಯಿ’ ೧೮೯೯ರಲ್ಲಿ ಅಚ್ಚಾದುದು ಮಂಗಳೂರಿನಲ್ಲಿ. ಆಗ ಕಾಸರಗೋಡು, ಮಂಗಳೂರು ಎರಡೂ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. ೧೯೫೬ರ ನವೆಂಬರ್ ೧ರಂದು ನಾವು ಕೇರಳ ರಾಜ್ಯಕ್ಕೆ ಸೇರಿದೆವು. ಕಾದಂಬರಿಯ ಕಟ್ಟುಗಳಿಗೆ ಮಾತ್ರ ಆ ಗಡಿ ಅಡ್ಡಿಯಾಗಲಿಲ್ಲ. ಮಂಗಳೂರಿನಿಂದ ಹೊರಟ ಬಸ್ಸಿನಲ್ಲಿ ತಲಪಾಡಿಯನ್ನು ದಾಟಿ ಅವು ಬರುತ್ತಲೇ ಇದ್ದುವು.

ಉರಿಯಲ್ಲಿ ಮಳೆಯನ್ನೋದುವ ಸುಖ

ಸೆಕೆಯಲ್ಲಿ ಯಾವ ಕಾದಂಬರಿ ಹಿತವೆಂದು ಕೇಳಿದರೆ ಅನುಭವಿಗಳಾದ ಓದುಗರು ಕೊಡುವ ಉತ್ತರ ಒಂದೇ: ಮಳೆ ಬರುವ ಕಾದಂಬರಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಇದಕ್ಕೆ ಮೊದಲ ಮದ್ದು. ಸಿಂಬಾವಿಯ ಗುತ್ತಿಯೂ ಅವನ ನಾಯಿ ಹುಲಿಯನೂ ನಡೆದ ಕಾಡುದಾರಿಯಲ್ಲಿ ನಡೆದವನಿಗೆ ಚಾವಡಿಯ ನೆಲ ತಂಪಾಗಿ ತೋರುತ್ತದೆ. ಆ ಕೃತಿಯನ್ನು ಅವಸರದಿಂದ ಓದಲಾಗುವುದಿಲ್ಲ. ನೂರಾರು ಪುಟ, ನೂರಾರು ಮಂದಿ, ಒಂದರ ಒಳಗೊಂದು ಹೆಣೆದ ಕತೆಗಳು. ಮಳೆಗಾಲದ ಗದ್ದೆಕೆಲಸದ ನಡುವೆ ಅದನ್ನು ಹಿಡಿದವನು ಯಾರು ಯಾರಿಗೆ ಏನಾಗಬೇಕೆಂದು ತಿಳಿಯದೆ ಕೈಬಿಡುತ್ತಾನೆ. ಬೇಸಗೆಯ ಎರಡು ತಿಂಗಳು ಅದಕ್ಕೆ ಸರಿಯಾದ ಅಳತೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮೂರು ತಲೆಮಾರುಗಳ ಬದುಕಿನೊಡನೆ ಕಡಲಿನ ಮೊರೆತವೂ ಕೇಳುತ್ತದೆ. ಕರಾವಳಿಯ ಮನೆಗಳ ಹೆಂಗಸರ ದುಡಿಮೆಯನ್ನು ಅಷ್ಟು ಸಮೀಪದಿಂದ ಕಂಡ ಕಾದಂಬರಿಗಳು ಕನ್ನಡದಲ್ಲಿ ವಿರಳ. ಅವರ ‘ಬೆಟ್ಟದ ಜೀವ’ವು (೧೯೪೩) ಚಿಕ್ಕದು, ನಾಲ್ಕು ಮಧ್ಯಾಹ್ನಗಳಲ್ಲಿ ಮುಗಿದೀತು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿತಪ್ಪಿದ ಪಯಣಿಗನಿಗೆ ಗೋಪಾಲಯ್ಯನೂ ಶಂಕರಮ್ಮನೂ ಆಸರೆ ಕೊಡುತ್ತಾರೆ. ಕಾಡನ್ನು ಕಡಿದು ತೋಟ ಮಾಡಿದ ಆ ಮುದುಕನ ನಗುವಿನ ಹಿಂದೆ, ಮನೆ ಬಿಟ್ಟು ಹೋದ ಮಗನ ನೆನಪು ಒಂದು ಮುಳ್ಳಿನಂತೆ ಇದೆ. ನಾವು ಈ ಬೇಸಗೆಯಲ್ಲಿ ಮತ್ತೆ ಕೈಗೆತ್ತಿಕೊಂಡಿರುವುದು ಈ ಕಾದಂಬರಿಯನ್ನು. ಹಿಂದೆ ಓದಿದಾಗ ಗೋಪಾಲಯ್ಯನ ಸಾಹಸಕ್ಕೆ ಮಾರುಹೋಗಿದ್ದ ನಮಗೆ ಈಗ ಶಂಕರಮ್ಮನ ಮಾತಿಲ್ಲದ ಕಾಯುವಿಕೆಯೇ ಹೆಚ್ಚು ತಾಕುತ್ತಿದೆ. ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಮಕ್ಕಳನ್ನು ಕಳುಹಿಸಿ ತೋಟದ ನಡುವಿನ ಮನೆಯಲ್ಲಿ ಇಬ್ಬರೇ ಉಳಿದಿರುವ ದಂಪತಿಗಳು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಅವರ ಕತೆಯನ್ನು ಕಾರಂತರು ೧೯೪೩ರಲ್ಲಿಯೇ ಬರೆದಿಟ್ಟಂತೆ ತೋರುತ್ತದೆ.

ನಮ್ಮ ಮಣ್ಣಿನ ಕತೆಗಳು

ಹೀಗೆ ಓದುತ್ತ ಓದುತ್ತ ನಮ್ಮದೇ ಹೊಳೆ, ನಮ್ಮದೇ ಗುಡ್ಡ, ನಮ್ಮದೇ ಬೀದಿ ಪುಟದ ಮೇಲೆ ಕಾಣಿಸಿಕೊಂಡಾಗ ಆಗುವ ಸಂತೋಷವೇ ಬೇರೆ. ಕಾಸರಗೋಡಿನ ಓದುಗರು ಈ ವಿಷಯದಲ್ಲಿ ಭಾಗ್ಯವಂತರು.

ನಿರಂಜನರ ‘ಚಿರಸ್ಮರಣೆ’ ಪ್ರಕಟವಾದುದು ೧೯೫೫ರಲ್ಲಿ. ನಮ್ಮ ಜಿಲ್ಲೆಯ ದಕ್ಷಿಣ ಭಾಗದಲ್ಲಿರುವ ಕಯ್ಯೂರಿನಲ್ಲಿ ೧೯೪೧ರ ಮಾರ್ಚಿಯಲ್ಲಿ ನಡೆದ ರೈತರ ಹೋರಾಟವನ್ನು ಅದು ಚಿತ್ರಿಸುತ್ತದೆ. ಆ ಪ್ರಕರಣದಲ್ಲಿ ನಾಲ್ವರು ತರುಣರನ್ನು ೧೯೪೩ರ ಮಾರ್ಚಿ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಬೇಸಗೆಯ ಆರಂಭದ ದಿನಗಳು ಅವು. ಮಲಯಾಳವನ್ನಾಡುವ ರೈತರ ಕತೆಯನ್ನು ಕನ್ನಡಿಗನೊಬ್ಬ ಕನ್ನಡದಲ್ಲಿ ಬರೆದ; ಅದು ಮಲಯಾಳಕ್ಕೆ ಅನುವಾದವಾಗಿ ಅಲ್ಲಿಯ ಸಾವಿರಾರು ಮನೆಗಳನ್ನು ಹೊಕ್ಕಿತು. ನೆರೆಯ ಭಾಷೆಗೆ ನಾವು ಕೊಟ್ಟ ಕಾಣಿಕೆಗಳಲ್ಲಿ ಇದು ಹಿರಿದಾದುದು. ನಮ್ಮ ಮನೆಯ ಮಕ್ಕಳು ಇದನ್ನು ಮಲಯಾಳದಲ್ಲಿ ಓದಿ ಮೆಚ್ಚಿ, ಮೂಲ ಕನ್ನಡವೆಂದು ತಿಳಿದು ಬೆರಗಾಗುವುದುಂಟು.

ಸಾರಾ ಅಬೂಬಕ್ಕರ್ ಅವರು (೧೯೩೬–೨೦೨೩) ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತವರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿಯೆಂದು ಹರಿದು ಬಂದು ನಮ್ಮಲ್ಲಿ ಕಡಲನ್ನು ಸೇರುವ ಹೊಳೆಯ ಹೆಸರನ್ನು ಅವರು ತಮ್ಮ ಕಾದಂಬರಿಗೆ ಇಟ್ಟರು: ‘ಚಂದ್ರಗಿರಿಯ ತೀರದಲ್ಲಿ’. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಈ ಕೃತಿಯಲ್ಲಿ, ತಂದೆಯ ಹಟದಿಂದಾಗಿ ಗಂಡನಿಂದ ಬೇರ್ಪಟ್ಟ ನಾದಿರಾ ಎಂಬ ಹೆಣ್ಣುಮಗಳು ಮರಳಿ ಅವನನ್ನು ಸೇರಬೇಕಾದರೆ ಯಾವ ಅಗ್ನಿಪರೀಕ್ಷೆಯನ್ನು ಹಾಯಬೇಕಾಗುತ್ತದೆಂಬ ಕತೆಯಿದೆ. ಕೊನೆ ಏನಾಯಿತೆಂದು ನಾವು ಇಲ್ಲಿ ಹೇಳುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಬಹುದು: ಹೊಳೆಯ ಈಚೆಯ ದಡದ ಬ್ರಾಹ್ಮಣ, ಬಂಟ, ಬಿಲ್ಲವ ಮನೆಗಳ ಹೆಂಗಸರು ಈ ಪುಸ್ತಕವನ್ನು ಓದಿ, ತಮ್ಮ ಬಾವಿಕಟ್ಟೆಯ ನೆರೆಯವಳಾದ ಮುಸ್ಲಿಂ ಹೆಣ್ಣುಮಗಳ ಒಳಮನೆಯನ್ನು ಮೊದಲ ಬಾರಿಗೆ ಕಂಡರು. ಹತ್ತು ವರುಷ ಒಂದೇ ಬೇಲಿಯ ಆಚೀಚೆ ಇದ್ದರೂ ಕಾಣದಿದ್ದುದನ್ನು ಒಂದು ಕಾದಂಬರಿ ಕಾಣಿಸಿತು.

ಕಾಸರಗೋಡಿನ ಸಮೀಪದ ಕೂಡ್ಲಿನಲ್ಲಿ ಹುಟ್ಟಿದ ಕೆ. ಟಿ. ಗಟ್ಟಿಯವರ ಕಾದಂಬರಿಗಳಲ್ಲಿ ಅನೇಕವು ವಾರಪತ್ರಿಕೆಗಳ ಮೂಲಕ ಮನೆಮನೆಗೆ ಬಂದುವು. ಗೋವೆಯಲ್ಲಿ ಪೋರ್ಚುಗೀಸರ ಉಪಟಳಕ್ಕೆ ಸಿಕ್ಕಿ ಊರು ಬಿಟ್ಟು ತೆಂಕಣಕ್ಕೆ ಬಂದ ಸಾರಸ್ವತರ ತಲೆಮಾರುಗಳ ಕತೆಯನ್ನು ಗೋಪಾಲಕೃಷ್ಣ ಪೈಯವರು ‘ಸ್ವಪ್ನ ಸಾರಸ್ವತ’ದಲ್ಲಿ ಹೇಳಿದರು, ಅದಕ್ಕೆ ೨೦೧೧ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಕಛೇರಿಯಲ್ಲಿ ಮಲಯಾಳ ಎಂಬ ನಮ್ಮ ಬದುಕಿಗೆ ಇಂಥ ಕಾದಂಬರಿಗಳೇ ವಂಶಾವಳಿ.

ಮಲಯಾಳದ ಕಡೆಯಿಂದ ನಮ್ಮ ಮಣ್ಣಿಗೆ ಬಂದ ಕಾಣಿಕೆಯೂ ಇದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ವಿಷದಿಂದ ನಮ್ಮ ಹಳ್ಳಿಗಳ ಮಕ್ಕಳು ಪಟ್ಟ ಪಾಡನ್ನು ಅಂಬಿಕಾಸುತನ್ ಮಾಂಗಾಡ್ ಅವರು ೨೦೦೯ರಲ್ಲಿ ಕಾದಂಬರಿಯಾಗಿ ಬರೆದರು. ಅದರ ಹೆಸರು ‘ಎಣ್ಮಕಜೆ’, ನಮ್ಮದೇ ಒಂದು ಪಂಚಾಯತಿನ ಹೆಸರು. ಗಡಿನಾಡಿನಲ್ಲಿ ಎರಡು ಭಾಷೆಗಳನ್ನು ಬಲ್ಲವನು ಎರಡು ಬಾವಿಗಳಿಂದ ನೀರು ಸೇದುತ್ತಾನೆ. ಎರಡರಲ್ಲಿ ಒಂದು ಹೂಳು ತುಂಬಿ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಮಾತ್ರ ಅವನ ಹೊಣೆ.

ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ

ಈಗ ಮನಸ್ಸಿಗೆ ನೋವಾಗುವ ವಿಷಯಕ್ಕೆ ಬರಬೇಕಾಗಿದೆ. ಮೇಲೆ ಹೇಳಿದ ಪುಸ್ತಕಗಳು ಇರುವ ಮನೆಗಳಲ್ಲಿಯೇ ಅವನ್ನು ಓದಲಾರದ ಮಕ್ಕಳು ಬೆಳೆಯುತ್ತಿದ್ದಾರೆ. ಅವರಿಗೆ ಕನ್ನಡ ಬಾರದೆಂದಲ್ಲ. ಅಜ್ಜನೊಡನೆ ಮಾತಾಡುತ್ತಾರೆ, ಯಕ್ಷಗಾನದ ಅರ್ಥಗಾರಿಕೆಗೆ ನಗುತ್ತಾರೆ, ಕನ್ನಡ ಹಾಡನ್ನು ಹಾಡುತ್ತಾರೆ. ಆದರೆ ಪುಸ್ತಕವನ್ನು ಕೈಗಿತ್ತರೆ ಒಂದೊಂದು ಅಕ್ಷರವನ್ನೂ ಒತ್ತಕ್ಷರವನ್ನೂ ತಡವರಿಸಿ, ಮೂರು ಸಾಲಿನೊಳಗೆ ದಣಿದು ಮಡಚಿಡುತ್ತಾರೆ. ಕನ್ನಡವು ಅವರ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ.

ಇದಕ್ಕೆ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವು. ತಂದೆತಾಯಿಗಳು ಮಕ್ಕಳ ಭವಿಷ್ಯವನ್ನು ನೆನೆದು ಇಂಗ್ಲಿಷ್ ಮಾಧ್ಯಮವನ್ನು ಆರಿಸುತ್ತಾರೆ. ೨೦೧೭ರಲ್ಲಿ ಕೇರಳ ರಾಜ್ಯವು ಶಾಲೆಗಳಲ್ಲಿ ಮಲಯಾಳದ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನನ್ನು ಮಾಡಿತು. ಬಾಳುವ ನಾಡಿನ ಭಾಷೆಯನ್ನು ಚೆನ್ನಾಗಿ ಕಲಿಯುವುದು ಮಕ್ಕಳಿಗೆ ಲಾಭವೇ ಹೊರತು ನಷ್ಟವಲ್ಲ; ಆ ಬಗ್ಗೆ ನಮ್ಮ ಗೊಣಗಾಟವಿಲ್ಲ. ಆದರೆ ಇಂಗ್ಲಿಷ್, ಮಲಯಾಳ, ಹಿಂದಿಗಳಿಗೆ ಹೊತ್ತು ಹಂಚಿದ ಮೇಲೆ ಕನ್ನಡದ ಅಕ್ಷರಕ್ಕೆ ಉಳಿಯುವುದು ಮನೆಯ ಹೊತ್ತು ಮಾತ್ರ. ಆ ಮನೆಯ ಹೊತ್ತಿನಲ್ಲಿ ನಾವು ಏನು ಮಾಡುತ್ತಿದ್ದೇವೆ? ವರ್ಣಮಾಲೆಯ ಕಾಪಿ ಪುಸ್ತಕವನ್ನು ತಂದು ಮುಂದಿಟ್ಟು, ಬೇಸಗೆ ರಜೆಯಲ್ಲಿಯೂ ಬರೆಯೆಂದು ಗದರಿಸುತ್ತೇವೆ. ಮಗುವಿಗೆ ಕನ್ನಡವು ನಾಲ್ಕನೆಯ ಶಿಕ್ಷೆಯಾಗುತ್ತದೆ.

ನಮ್ಮ ಹಿರಿಯರು ಇದಕ್ಕಿಂತ ಬುದ್ಧಿವಂತರು. ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಅಕ್ಷರ ಕಲಿಯದ ರೈತನಿಗೂ ರಾಮಾಯಣದ ಪ್ರಸಂಗಗಳು, ರಾವಣನ ವಾದ, ವಾಲಿಯ ಪ್ರಶ್ನೆ ಇವೆಲ್ಲ ಬಾಯಿಪಾಠವಾಗಿದ್ದುದು ತಾಳಮದ್ದಳೆಯ ಕೂಟಗಳಿಂದ. ಕಿವಿಯ ಹಾದಿಯಲ್ಲಿ ಕತೆ ಮೊದಲು ಬಂದಿತು. ಆಸೆ ಹುಟ್ಟಿದವನು ಆಮೇಲೆ ಅಕ್ಷರವನ್ನು ಹುಡುಕಿಕೊಂಡು ಹೋದ. ಕಾದಂಬರಿಗೂ ಅದೇ ಹಾದಿ ಏಕಾಗಬಾರದು? ಮುಂದೇನಾಯಿತೆಂಬ ಕುತೂಹಲದಿಂದ ಒಂದು ಮಗು ತಾನಾಗಿ ಓದುವ ಒಂದು ಪುಟವು, ಗದರಿಕೆಯಿಂದ ಬರೆದ ಹತ್ತು ಪುಟಗಳಿಗಿಂತ ಹೆಚ್ಚು ಕಲಿಸುತ್ತದೆ.

ನಮ್ಮ ಗುಡ್ಡಗಳಲ್ಲಿ ಹಿರಿಯರು ಕೊರೆದ ಸುರಂಗಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಮಳೆಗಾಲದಲ್ಲಿ ಇಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ನೀರಿನಲ್ಲಿ ಬಹುಪಾಲು ಕಡಲಿಗೆ ಹೋಗುತ್ತದೆ. ಗುಡ್ಡ ಕುಡಿದು ಇಟ್ಟುಕೊಂಡ ಪಾಲು ಮಾತ್ರ ಬೇಸಗೆಯಲ್ಲಿ ಸುರಂಗದ ಗೋಡೆಯಿಂದ ಒಸರಿ, ಅಡಕೆಯ ಹಾಳೆಯಷ್ಟು ಅಗಲದ ತೋಡಿನಲ್ಲಿ ಹರಿದು, ಮನೆಯನ್ನೂ ತೋಟವನ್ನೂ ಕಾಯುತ್ತದೆ. ಹಿಂದಿನ ಹತ್ತಾರು ವರುಷಗಳ ಓದು ನಮ್ಮ ಮನೆಗಳಲ್ಲಿ ಹಾಗೆ ಇಳಿದು ನಿಂತಿದೆ. ಅದನ್ನು ಹೊರಗೆ ತರಲು ಯಾರಾದರೂ ಕೊರೆಯಬೇಕು. ‘ಏನು ಓದುತ್ತಿದ್ದೀರಿ?’ ಎಂಬ ಪ್ರಶ್ನೆಯೇ ಆ ಹಾರೆ.

ಹೇಳುವ ಬಗೆ

ಓದಿದುದನ್ನು ಹಂಚಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಅನುಭವದಿಂದ ತಿಳಿದ ಕೆಲವು ಸಂಗತಿಗಳನ್ನು ಹೇಳುತ್ತೇವೆ. ಹೆಚ್ಚಿನದನ್ನು ಓದುಗರು ತಾವೇ ಸೇರಿಸಿಕೊಳ್ಳಲಿ.

ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಬಾರದು. ಊಟವಾದವನಿಗೆ ಎಲೆ ಹಾಕಿದಂತಾಗುತ್ತದೆ. ಒಂದು ಸನ್ನಿವೇಶವನ್ನು ಆರಿಸಿಕೊಂಡು ಅದನ್ನು ಪೂರ್ತಿಯಾಗಿ ಹೇಳಿ, ಮುಂದಿನದನ್ನು ಪುಸ್ತಕಕ್ಕೆ ಬಿಟ್ಟುಬಿಡಬೇಕು. ದಿನಕ್ಕೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದಾದರೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ಕೇಳುವವರು ‘ಇನ್ನೂ ಸ್ವಲ್ಪ’ ಎನ್ನುವಾಗಲೇ ಮಡಚಿಡುವುದು ಲೇಸು. ಆ ರಾತ್ರಿ ಮಕ್ಕಳಲ್ಲಿ ಯಾರಾದರೂ ಆ ಪುಸ್ತಕವನ್ನು ಗುಟ್ಟಾಗಿ ತೆರೆದು ಅಕ್ಷರ ಕೂಡಿಸುತ್ತಿದ್ದರೆ ಕಾಣದಂತೆ ಇದ್ದುಬಿಡಿ.

ಮಕ್ಕಳಿಗೆ ಓದಿ ಹೇಳಲು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ಗೆ (೧೯೮೦) ಸಮನಾದುದು ಕಡಮೆ. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಜೇನು ಹುಡುಕುವ ಮಂದಣ್ಣ, ಕಿವಿ ಎಂಬ ನಾಯಿ, ಕಾಡಿನ ದಾರಿ ಇವುಗಳ ನಡುವೆ ನಗು ಎಲ್ಲಿ ಮುಗಿದು ಬೆರಗು ಎಲ್ಲಿ ಮೊದಲಾಯಿತೆಂದು ಗೊತ್ತಾಗುವುದಿಲ್ಲ. ಮಾತು ಸರಳ, ವಾಕ್ಯ ಚಿಕ್ಕದು. ಅಕ್ಷರದಲ್ಲಿ ಎಡವುವ ಹುಡುಗನೂ ನಡೆಯಬಲ್ಲ ದಾರಿ. ಮನೆಯಲ್ಲಿ ಅಜ್ಜಿಯಿದ್ದರೆ ಕಾರಂತರಿಗೆ ೧೯೭೭ರ ಜ್ಞಾನಪೀಠವನ್ನು ತಂದ ‘ಮೂಕಜ್ಜಿಯ ಕನಸುಗಳು’ ಒಳ್ಳೆಯದು. ಅಜ್ಜಿ ಮೊಮ್ಮಗ ಇಬ್ಬರು ಕುಳಿತು ಮಾತಾಡುವುದರಿಂದಲೇ ಒಂದು ಮಹಾಕೃತಿ ಹುಟ್ಟಬಲ್ಲುದೆಂದು ಅದನ್ನು ಓದಿದ ಮನೆಗಳಿಗೆ ತಿಳಿಯುತ್ತದೆ.

ಹಂಚಿಕೊಳ್ಳುವುದೆಂದರೆ ಹೊಗಳುವುದೆಂದು ತಿಳಿಯಬೇಕಾಗಿಲ್ಲ. ೧೯೬೫ರಲ್ಲಿ ಭೈರಪ್ಪನವರ ‘ವಂಶವೃಕ್ಷ’ವೂ ಅನಂತಮೂರ್ತಿಯವರ ‘ಸಂಸ್ಕಾರ’ವೂ ಹೊರಬಂದುವು. ಆ ಬಳಿಕ ಎಷ್ಟು ಚಾವಡಿಗಳಲ್ಲಿ ಎಷ್ಟು ಬಿರುಸಾದ ಚರ್ಚೆ ನಡೆಯಿತೆಂಬುದು ಆ ಕಾಲದವರಿಗೆ ನೆನಪಿದೆ. ಶ್ರೀನಿವಾಸ ಶ್ರೋತ್ರಿಯರ ಪರ ಒಬ್ಬರು, ಕಾತ್ಯಾಯನಿಯ ಪರ ಇನ್ನೊಬ್ಬರು; ಪ್ರಾಣೇಶಾಚಾರ್ಯರು ಮಾಡಿದುದು ಸರಿಯೆ ತಪ್ಪೆ ಎಂದು ಮಾವ ಅಳಿಯಂದಿರೊಳಗೆ ವಾದ. ಕೋಪಿಸಿಕೊಂಡವರು ಸಂಜೆ ಒಂದೇ ಪಂಕ್ತಿಯಲ್ಲಿ ಕುಳಿತು ಊಟಮಾಡಿದರು. ಮನೆಯೊಳಗೆ ನೇರವಾಗಿ ಆಡಲಾಗದ ಎಷ್ಟೋ ಮಾತುಗಳನ್ನು, ವಿಧವೆಯ ಮರುಮದುವೆ, ಆಚಾರ, ಜಾತಿ, ಆಸ್ತಿ ಇವುಗಳ ಮಾತುಗಳನ್ನು, ಕಾದಂಬರಿಯ ಪಾತ್ರಗಳ ಹೆಸರು ಹಿಡಿದು ಆಡಲು ಬರುತ್ತಿತ್ತು. ಸೊಸೆಯೊಬ್ಬಳು ತನ್ನ ಮನಸ್ಸಿನಲ್ಲಿದ್ದುದನ್ನು ಕಾತ್ಯಾಯನಿಯ ಬಾಯಿಂದ ಹೇಳಿಸಿದರೆ ಅತ್ತೆಯೂ ಕೇಳಿಸಿಕೊಂಡಳು. ಒಬ್ಬೊಬ್ಬರೇ ತಮ್ಮತಮ್ಮ ಮೂಲೆಯಲ್ಲಿ ಕುಳಿತು ಓದಿ ಮುಚ್ಚಿಟ್ಟಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ದೂರದಲ್ಲಿರುವ ಮಕ್ಕಳು ಮೊಮ್ಮಕ್ಕಳಿಗೆ ಈ ಸುಖ ಇಲ್ಲವೆನ್ನುವಂತಿಲ್ಲ. ಮೊಬೈಲ್ ಫೋನು ಈಗ ಎಲ್ಲರ ಕೈಯಲ್ಲಿದೆ. ಮಧ್ಯಾಹ್ನ ಓದಿದ ಒಂದು ಪ್ರಸಂಗವನ್ನು ತಮ್ಮ ದನಿಯಲ್ಲೇ ಹೇಳಿ ಕಳುಹಿಸಬಹುದು. ದುಬಾಯಿಯಲ್ಲಿ ಕೆಲಸ ಮುಗಿಸಿ ಕೋಣೆಗೆ ಬಂದ ಮಗನಿಗೆ ತಾಯಿಯ ದನಿಯಲ್ಲಿ ಗೋಪಾಲಯ್ಯನ ಕತೆ ಕೇಳಿಸಿದರೆ ಅದರ ಬೆಲೆ ಎಷ್ಟೆಂದು ನಾವು ಹೇಳಬೇಕಾಗಿಲ್ಲ. ಇಂಗ್ಲಿಷನ್ನೇ ಓದುವ ತರುಣರಿಗೂ ಒಂದು ಬಾಗಿಲು ತೆರೆದಿದೆ. ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂದು ಹೊರಬಂದು, ೨೦೨೫ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಗೆದ್ದುವು. ಅದನ್ನು ಇಂಗ್ಲಿಷಿನಲ್ಲಿ ಓದಿದ ಹುಡುಗಿಯೊಡನೆ, ಅದೇ ಕತೆಯನ್ನು ಮೂಲದಲ್ಲಿ ಓದಿದ ಅಮ್ಮ ಕುಳಿತು ಮಾತಾಡಲಿ. ಯಾವ ಮಾತು ಅಲ್ಲಿ ಹೇಗೆ ಬಂದಿದೆ, ಯಾವ ಬೈಗುಳ ಹೇಗೆ ಮಾರ್ಪಟ್ಟಿದೆಯೆಂಬ ಚರ್ಚೆಯಿಂದಲೇ ಮಗಳ ಕಣ್ಣು ಕನ್ನಡದ ಪುಟಕ್ಕೆ ಹೊರಳೀತು.

ಇನ್ನು ಗ್ರಂಥಾಲಯದ ಮಾತು. ಹಳ್ಳಿಹಳ್ಳಿಗೂ ವಾಚನಾಲಯವಿರುವ ರಾಜ್ಯದಲ್ಲಿ ನಾವಿದ್ದೇವೆ. ಪಿ. ಎನ್. ಪಣಿಕ್ಕರ್ ಅವರು ೧೯೪೫ರಲ್ಲಿ ೪೭ ಗ್ರಂಥಾಲಯಗಳನ್ನು ಒಂದುಗೂಡಿಸಿ ತಿರುವಾಂಕೂರಿನಲ್ಲಿ ಆರಂಭಿಸಿದ ಚಳವಳಿಯ ಫಲ ಅದು. ನಮ್ಮ ಭಾಗದ ವಾಚನಾಲಯಗಳಲ್ಲಿ ಕನ್ನಡದ ಕಪಾಟುಗಳಿವೆ. ಆದರೆ ಕಪಾಟಿನ ಬೀಗ ತೆಗೆಯಬೇಕಾದರೆ ಕೇಳುವವರು ಬೇಕು. ಪುಸ್ತಕವನ್ನು ಕೊಂಡುಹೋದವರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಹೊಸ ಪುಸ್ತಕಗಳನ್ನು ಆರಿಸುವಾಗ ಕನ್ನಡಕ್ಕೆ ಬೇಡಿಕೆಯಿಲ್ಲವೆಂದು ಅಲ್ಲಿಯವರು ತಿಳಿದರೆ ಅವರನ್ನು ದೂರುವಂತಿಲ್ಲ. ತಿಂಗಳಿಗೆ ಒಂದು ಕನ್ನಡ ಕಾದಂಬರಿಯನ್ನು ತಮ್ಮ ಹೆಸರಿನಲ್ಲಿ ಬರೆಯಿಸಿ ತರುವುದು ಯಾರಿಗೂ ಭಾರವಾಗದು. ಮನೆಯಿಂದ ಕಡ ಕೊಡುವವರು ಒಂದು ಚಿಕ್ಕ ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಳ್ಳಲಿ. ಕೊಟ್ಟ ದಿನ, ಒಯ್ದವರ ಹೆಸರು, ಮರಳಿದ ದಿನ. ಹಾಗೆ ಮಾಡಿದರೆ ಪುಸ್ತಕವೂ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಮರಳಿ ಬಂದ ಪುಸ್ತಕದ ಮೇಲೆ ಮಾವಿನ ರಸದ ಕಲೆಯಿದ್ದರೆ ಕೋಪಿಸಿಕೊಳ್ಳಬೇಡಿ. ಓದಿದ ಗುರುತು ಅದು.

ಈ ಬೇಸಗೆಯ ಓದಿಗೆ ನಾವು ಒಂದು ಗಡುವನ್ನೂ ಸೂಚಿಸುತ್ತೇವೆ. ಜೂನಿನ ಆರಂಭದಲ್ಲಿ ಮಳೆ ಹಿಡಿಯುತ್ತದೆ, ಶಾಲೆಗಳು ತೆರೆಯುತ್ತವೆ. ಜೂನ್ ೧೯ ಪಣಿಕ್ಕರ್ ಅವರ ಸ್ಮರಣೆಯ ದಿನ. ೧೯೯೬ರಿಂದ ಕೇರಳವು ಅದನ್ನು ವಾಚನ ದಿನವೆಂದು ಆಚರಿಸುತ್ತಿದೆ. ಅಂದು ಶಾಲೆಗಳಲ್ಲಿ ಮಕ್ಕಳು ತಾವು ಓದಿದ ಪುಸ್ತಕದ ಬಗ್ಗೆ ಮಾತಾಡುತ್ತಾರೆ. ನಿಮ್ಮ ಮನೆಯ ಮಗು ಯಾವ ಮಾಧ್ಯಮದಲ್ಲಿ ಕಲಿಯುತ್ತಿದ್ದರೂ ಸರಿಯೆ, ಆ ದಿನ ಅದು ಎದ್ದುನಿಂತು ಒಂದು ಕನ್ನಡ ಕಾದಂಬರಿಯ ಕತೆಯನ್ನು ಹೇಳಲಿ. ಮಲಯಾಳದಲ್ಲಿ ಹೇಳಿದರೂ ಅಡ್ಡಿಯಿಲ್ಲ, ಇಂಗ್ಲಿಷಿನಲ್ಲಿ ಹೇಳಿದರೂ ಅಡ್ಡಿಯಿಲ್ಲ. ಕೇಳಿದ ಗೆಳೆಯರಲ್ಲಿ ಒಬ್ಬನಾದರೂ ಆ ಪುಸ್ತಕ ಎಲ್ಲಿ ಸಿಗುತ್ತದೆಂದು ವಿಚಾರಿಸಿಯಾನು. ಅದಕ್ಕೆ ಬೇಕಾದ ಸಿದ್ಧತೆ ಈಗಲೇ, ಈ ಸೆಕೆಯ ಮಧ್ಯಾಹ್ನಗಳಲ್ಲಿ ಆಗಬೇಕು.

ನಮ್ಮ ಓದುಗರು ಒಂದು ಕಾರ್ಡಿನಲ್ಲಿ ಮೂರು ಸಾಲು ಬರೆದು ಕಳುಹಿಸಬೇಕೆಂದು ಕೋರುತ್ತೇವೆ: ಯಾವ ಕಾದಂಬರಿ ಓದಿದಿರಿ, ಅದನ್ನು ಯಾರಿಗೆ ಹೇಳಿದಿರಿ, ಅವರು ಏನೆಂದರು. ಮೂರನೆಯ ಸಾಲಿಗಾಗಿ ನಾವು ಹೆಚ್ಚು ಕುತೂಹಲದಿಂದ ಕಾಯುತ್ತಿರುತ್ತೇವೆ.